ಇಡೀ ಚಳಿಗಾಲ ಮೊದಲಿದ್ದ ತಂಡ ಒಂದೇ ಪಂದ್ಯಕ್ಕೆ ಹೊರಗೆ ಹೋಯಿತು: ಐಸ್ ಹಾಕಿ ಗೊತ್ತಿದ್ದವರು ತಿಳಿಸಿ

ರಾಯಚೂರು ಐಸ್

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನವನು. ಮೂವತ್ತೊಂದು ವರ್ಷದಿಂದ ಐಸ್ ಫ್ಯಾಕ್ಟರಿ ನಡೆಸುತ್ತಿದ್ದೇನೆ. ನನಗಿಂತ ಮುಂಚೆ ಅಪ್ಪ ನಡೆಸುತ್ತಿದ್ದರು. ಮೀನು ಮಾರುವವರು, ಕಬ್ಬಿನ ಹಾಲಿನ ಗಾಡಿಯವರು, ಸೋಡಾ ಅಂಗಡಿಯವರು, ಮದುವೆ ಅಡುಗೆಯವರು ನಮ್ಮ ಗಿರಾಕಿಗಳು. ಬೇಸಿಗೆಯಲ್ಲಿ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಈಗ ಮಳೆ ಹಿಡಿದಿದೆ. ಟ್ಯಾಂಕಿನಲ್ಲಿ ಅರ್ಧ ಕ್ಯಾನುಗಳು ಖಾಲಿ ನಿಂತಿವೆ. ಮಾರ್ಚ್‌ನಿಂದ ತಲೆಯಲ್ಲಿ ಕೂತಿರುವ ಪ್ರಶ್ನೆಯನ್ನು ಇವತ್ತು ಕೇಳಿಬಿಡುತ್ತೇನೆ. ಸ್ವಲ್ಪ ಉದ್ದ ಇದೆ, ಸಮಾಧಾನದಿಂದ ಓದಿ.

ನನ್ನ ಮಗಳು ಅಮೆರಿಕದ ಮೇನ್ ರಾಜ್ಯದ ಒರೊನೊ ಎಂಬ ಊರಲ್ಲಿ ಎಂಎಸ್ ಓದುತ್ತಿದ್ದಾಳೆ. ಮೊದಲ ಚಳಿಗಾಲ ಅವಳಿಗೆ ಬಹಳ ಕಷ್ಟ ಆಯಿತು. ಸಂಜೆ ನಾಲ್ಕಕ್ಕೆ ಕತ್ತಲಾಗುತ್ತಿತ್ತು. ಹೊರಗೆ ಮೊಣಕಾಲು ಮಟ್ಟ ಹಿಮ. ಫೋನ್ ಮಾಡಿದಾಗೆಲ್ಲ ಅವಳ ದನಿ ಸಣ್ಣಗಾಗಿರುತ್ತಿತ್ತು. ನಮ್ಮ ಮನೆಯವರು ಫೋನ್ ಇಟ್ಟ ಮೇಲೆ ಅಡುಗೆಮನೆಗೆ ಹೋಗಿ ಅಳುತ್ತಿದ್ದರು. ಒಂದು ಶುಕ್ರವಾರ ರೂಮಿನ ಗೆಳತಿ ಅವಳನ್ನು ಯೂನಿವರ್ಸಿಟಿಯ ಐಸ್ ಹಾಕಿ ಪಂದ್ಯಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ಆಲ್ಫಾಂಡ್ ಅರೀನಾ ಅಂತ ಇದೆ. ಐದು ಸಾವಿರ ಜನ ಹಿಡಿಯುತ್ತದೆ. ಮರುದಿನ ಮಗಳು ತಾನೇ ಫೋನ್ ಮಾಡಿದಳು. ಕೂಗಿ ಕೂಗಿ ಗಂಟಲು ಕಟ್ಟಿತ್ತು. "ಅಪ್ಪಾ, ನೀನು ಮಾಡೋ ಐಸ್ ಮೇಲೆ ಇವರು ಕುಸ್ತಿ ಆಡ್ತಾರೆ" ಅಂದಳು. ಆ ದನಿ ಕೇಳಿ ನನಗೆ ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ. ಅವತ್ತಿನಿಂದ ಆ ತಂಡ ನಮ್ಮ ಮನೆಯ ತಂಡ. ಅದರ ಹೆಸರು ಬ್ಲ್ಯಾಕ್ ಬೇರ್ಸ್, ಅಂದರೆ ಕರಿ ಕರಡಿಗಳು. ನಮ್ಮ ಕಡೆಯ ದರೋಜಿ ಕರಡಿಧಾಮದ ನೆನಪಿಗೆ ನಮ್ಮ ಮನೆಯವರು ಅದನ್ನು ದರೋಜಿ ತಂಡ ಅಂತಲೇ ಕರೆಯುತ್ತಾರೆ.

ಆಟದ ನಿಯಮ ಮಗಳು ಹೇಳಿಕೊಟ್ಟಿದ್ದಾಳೆ. ಒಂದು ಕಡೆ ಆರು ಜನ, ಅದರಲ್ಲಿ ಒಬ್ಬ ಗೋಲ್‌ಕೀಪರ್. ಇಪ್ಪತ್ತು ನಿಮಿಷದ ಮೂರು ಪಾಳಿ. ಚೆಂಡಿನ ಬದಲು ಪಕ್, ಮೂರು ಇಂಚು ಅಗಲ, ಒಂದು ಇಂಚು ದಪ್ಪದ ರಬ್ಬರ್ ಬಿಲ್ಲೆ. ಪುಟಿಯಬಾರದು ಅಂತ ಅದನ್ನೂ ಫ್ರೀಜರ್‌ನಲ್ಲಿ ಇಟ್ಟು ತರುತ್ತಾರಂತೆ. ತಪ್ಪು ಮಾಡಿದವನು ಎರಡು ನಿಮಿಷ ಹೊರಗೆ ಕೂರಬೇಕು. ಅಷ್ಟು ಹೊತ್ತು ಅವನ ತಂಡ ಒಬ್ಬ ಕಡಿಮೆ ಆಡಬೇಕು. ಇಷ್ಟೆಲ್ಲ ಅರ್ಥ ಆಗಿದೆ. ಅರ್ಥ ಆಗದೇ ಇರುವುದು ಟೂರ್ನಮೆಂಟ್.

ಇವರ ಗುಂಪಿನ ಹೆಸರು ಹಾಕಿ ಈಸ್ಟ್. ಹನ್ನೊಂದು ಕಾಲೇಜು ತಂಡಗಳಿವೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ತಮ್ಮತಮ್ಮಲ್ಲಿ ಒಂದೊಂದು ತಂಡ 24 ಲೀಗ್ ಪಂದ್ಯ ಆಡುತ್ತವೆ. 2025ರಲ್ಲಿ ಪಟ್ಟಿಯಲ್ಲಿ ಮೊದಲು ಬಂದದ್ದು ಬಾಸ್ಟನ್ ಕಾಲೇಜ್. ಸರಿ, ಅವರೇ ಚಾಂಪಿಯನ್ ಅಲ್ವಾ? ಅಲ್ಲವಂತೆ. ಆಮೇಲೆ ಎಲ್ಲ ಹನ್ನೊಂದು ತಂಡಗಳೂ ಸೇರಿ ನಾಕೌಟ್ ಆಡಬೇಕಂತೆ. ಅಲ್ಲಿ ಕ್ವಾರ್ಟರ್ ಫೈನಲ್‌ನಲ್ಲಿ, ಅದೂ ತಮ್ಮ ಮನೆಯ ಅಂಗಳದಲ್ಲಿ, ಬಾಸ್ಟನ್ ಕಾಲೇಜ್ 3-1ರಿಂದ ಸೋತಿತು. ಸೋಲಿಸಿದ್ದು ಪಟ್ಟಿಯಲ್ಲಿ ಎಷ್ಟೋ ಕೆಳಗಿದ್ದ ನಾರ್ತ್‌ಈಸ್ಟರ್ನ್. ಐದು ತಿಂಗಳ ದುಡಿಮೆ, ಒಂದು ಸಂಜೆಗೆ ಮುಗಿಯಿತು. ನಮ್ಮ ತಂಡ ಅಲ್ಲದಿದ್ದರೂ ನನಗೆ ಕರುಳು ಚುರುಕ್ ಅಂತು.

ಸೆಮಿಫೈನಲ್‌ನಲ್ಲಿ ಅದೇ ನಾರ್ತ್‌ಈಸ್ಟರ್ನ್ ಎದುರು ನಮ್ಮ ಮೇನ್. ಪಂದ್ಯ ಸಮ ಆಗಿ, ಒಂದು ಓವರ್‌ಟೈಮ್ ಮುಗಿದು, ಎರಡನೆಯದರಲ್ಲಿ 4-3ಕ್ಕೆ ಗೆದ್ದರು. ಮಾರ್ಚ್ 21ಕ್ಕೆ ಫೈನಲ್, ಬಾಸ್ಟನ್‌ನ ಟಿಡಿ ಗಾರ್ಡನ್ ಎಂಬ ದೊಡ್ಡ ಒಳಾಂಗಣದಲ್ಲಿ. ಮಗಳು ಗೆಳತಿಯರ ಜೊತೆ ನಾಲ್ಕು ತಾಸು ಬಸ್ಸಿನಲ್ಲಿ ಹೋಗಿದ್ದಳು. ಅಲ್ಲಿ ಸಂಜೆ, ನಮ್ಮಲ್ಲಿ 22ರ ಬೆಳಗಿನ ಜಾವ. ರಂಜಾನ್ ತಿಂಗಳು. ಶರಬತ್ತಿನ ಅಂಗಡಿಗಳಿಗೆ ಐಸ್ ಸಾಲುತ್ತಿರಲಿಲ್ಲ, ನಾನು ರಾತ್ರಿಯೂ ಫ್ಯಾಕ್ಟರಿಯಲ್ಲೇ ಇರುತ್ತಿದ್ದೆ. ನಮ್ಮ ರಾತ್ರಿ ಪಾಳಿಯ ಆಪರೇಟರ್ ಚಾಚಾ ಸಹರಿ ಮಾಡಿ, ನಮಾಜ್ ಮುಗಿಸಿ ಬಂದು ನನ್ನ ಪಕ್ಕ ಕೂತರು. ಮಗಳು ವಾಟ್ಸಾಪ್ ವಿಡಿಯೋ ಹಾಕಿದ್ದಳು. ಪಕ್ ಒಂದು ಸಲವೂ ಕಾಣಲಿಲ್ಲ. ನೀಲಿ ಅಂಗಿಯ ಜನ ಎದ್ದು ನಿಂತರೆ ಗೋಲ್ ಅಂತ ತಿಳಿಯುತ್ತಿದ್ದೆವು. ಐದು ಸಲ ಎದ್ದರು. ಕನೆಕ್ಟಿಕಟ್ ತಂಡದ ಮೇಲೆ 5-2. ಮೇನ್‌ಗೆ 2004ರ ನಂತರ ಇದೇ ಮೊದಲ ಹಾಕಿ ಈಸ್ಟ್ ಕಪ್. ಮಗಳ ಪಕ್ಕದಲ್ಲಿ ಒಬ್ಬ ಮುದುಕರು ಟೋಪಿ ಮುಖಕ್ಕೆ ಹಿಡಿದು ಅಳುತ್ತಿದ್ದರು. ಚಾಚಾ ನನ್ನ ಹೆಗಲು ತಟ್ಟಿ "ಬೇಟಿ ಗೆದ್ದಳು" ಅಂದರು.

ಒಂದೇ ವಾರ. ರಾಷ್ಟ್ರಮಟ್ಟದ ಟೂರ್ನಮೆಂಟ್‌ನ ಮೊದಲ ಪಂದ್ಯದಲ್ಲೇ ಪೆನ್ ಸ್ಟೇಟ್ ಎದುರು 5-1ರಿಂದ ಸೋತು ಮನೆಗೆ ಬಂದರು. ಇನ್ನೂ ತಿಳಿಯದ ವಿಷಯ ಅಂದರೆ, ನಾಕೌಟ್‌ನಲ್ಲಿ ಸೋತ ಆ ಬಾಸ್ಟನ್ ಕಾಲೇಜ್‌ಗೂ ಅಲ್ಲಿ ಜಾಗ ಸಿಕ್ಕಿತ್ತು. ಬರೀ ಜಾಗ ಅಲ್ಲ, ಹದಿನಾರು ತಂಡಗಳಲ್ಲಿ ಮೊದಲನೇ ನಂಬರ್. ಹಾಗಾದರೆ ನಾವು ಗೆದ್ದ ಕಪ್ ಯಾತಕ್ಕೆ? ಸೋತವರೂ ಹೋಗುವುದಾದರೆ ಗೆಲ್ಲುವುದರಿಂದ ಏನು ಸಿಕ್ಕಿತು? ಮಗಳನ್ನು ಕೇಳಿದೆ. ಅವಳು "ಅಪ್ಪಾ, ಅದೆಲ್ಲ ಬೇರೆ ಬೇರೆ" ಅಂತ ಹೇಳಿ ಪರೀಕ್ಷೆಗೆ ಓದಲು ಹೋದಳು.

ಇನ್ನೊಂದು, ನನ್ನ ಕಸುಬಿನ ಪ್ರಶ್ನೆ. ಟಿಡಿ ಗಾರ್ಡನ್‌ನಲ್ಲಿ ಹಾಕಿಗೆ ಹದಿನೇಳು ಸಾವಿರದ ಮೇಲೆ ಜನ ಕೂರುತ್ತಾರೆ. ಅಷ್ಟು ಜನರ ಮೈಬಿಸಿ, ಅಷ್ಟು ಲೈಟು. ನನ್ನ ಐಸ್ ಗಡ್ಡೆ ಹೊಟ್ಟು ಹಾಕಿ ಗೋಣಿ ಮುಚ್ಚಿದರೂ ನಮ್ಮೂರಿನ ತೀನ್ ಕಂದೀಲ್ ಸರ್ಕಲ್ ಮುಟ್ಟುವಷ್ಟರಲ್ಲಿ ನೀರು ಬಿಡುತ್ತದೆ. ಅವರ ಐಸ್ ಹೇಗೆ ನಿಲ್ಲುತ್ತದೆ?

ತೋರಣಗಲ್ಲು ಪಾಳಿ

ಕಾಕಾ, ನಿಮ್ಮ ಪೋಸ್ಟ್ ಓದಿ ನನಗೆ ಬಾಸ್ಟನ್ ನೆನಪಾಯಿತು. ನಾನು ಈಗ ತೋರಣಗಲ್ಲಿನಲ್ಲಿ ಕೆಲಸದಲ್ಲಿದ್ದೇನೆ. ಹತ್ತು ವರ್ಷದ ಹಿಂದೆ ಬಾಸ್ಟನ್‌ನಲ್ಲಿ ಓದುತ್ತಿದ್ದೆ. ಆ ಎರಡು ಚಳಿಗಾಲ ನಾನು ನೋಡಿದಷ್ಟು ಹಾಕಿ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಯಾರೂ ನೋಡಿರಲಿಕ್ಕಿಲ್ಲ. ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ರಾಷ್ಟ್ರಮಟ್ಟದ್ದು ತಿಳಿದರೆ ಉಳಿದದ್ದು ಸುಲಭ. ಅಲ್ಲಿ ಹದಿನಾರು ತಂಡಗಳಿಗೆ ಜಾಗ. ಹುಡುಗರ ಕಾಲೇಜು ಹಾಕಿಯ ಮೇಲಿನ ದರ್ಜೆಯಲ್ಲಿ ಹಾಕಿ ಈಸ್ಟ್‌ನಂಥ ಆರು ಗುಂಪುಗಳಿವೆ. ಅವಕ್ಕೆ ಕಾನ್ಫರೆನ್ಸ್ ಅನ್ನುತ್ತಾರೆ. ಒಂದೊಂದು ಕಾನ್ಫರೆನ್ಸ್‌ನ ಟೂರ್ನಮೆಂಟ್ ಗೆದ್ದವರಿಗೆ ನೇರ ಪ್ರವೇಶ, ಯಾರೂ ತಡೆಯುವ ಹಾಗಿಲ್ಲ. ಆರು ಜಾಗ ಹಾಗೆ ಹೋಯಿತು. ಉಳಿದ ಹತ್ತನ್ನು ಇಡೀ ಸೀಸನ್ ಹೇಗೆ ಆಡಿದ್ದಾರೆ ಅಂತ ನೋಡಿ ಕೊಡುತ್ತಾರೆ. 2025ರಲ್ಲಿ ಅದಕ್ಕೆ ಪೇರ್‌ವೈಸ್ ಅನ್ನುವ ಲೆಕ್ಕ ಇತ್ತು. ಒಂದೊಂದು ತಂಡವನ್ನೂ ಉಳಿದ ಎಲ್ಲ ತಂಡಗಳ ಜೊತೆ ಜೋಡಿ ಜೋಡಿಯಾಗಿ ಹೋಲಿಸುವುದು. ಎಂಥ ಎದುರಾಳಿಗಳ ಮೇಲೆ ಗೆದ್ದರು, ಇಬ್ಬರೂ ಆಡಿದ ತಂಡಗಳ ಮೇಲೆ ಯಾರು ಚೆನ್ನಾಗಿ ಆಡಿದರು, ತಮ್ಮತಮ್ಮಲ್ಲಿ ಆಡಿದಾಗ ಯಾರು ಗೆದ್ದರು, ಇವೆಲ್ಲ ಸೇರುತ್ತವೆ. ಆ ಲೆಕ್ಕದಲ್ಲಿ ಬಾಸ್ಟನ್ ಕಾಲೇಜ್ ಮೇಲಿತ್ತು. ಅವರ ಐದು ತಿಂಗಳ ದುಡಿಮೆ ಮಣ್ಣುಪಾಲಾಗಲಿಲ್ಲ ಕಾಕಾ. ಅದಕ್ಕೆ ಬೆಲೆ ಸಿಕ್ಕಿತು, ಬೇರೆ ಬಾಗಿಲಲ್ಲಿ ಸಿಕ್ಕಿತು.

ಆ ವರ್ಷ ಹಾಕಿ ಈಸ್ಟ್‌ನಿಂದಲೇ ಆರು ತಂಡಗಳು ಹದಿನಾರರಲ್ಲಿ ಇದ್ದವು. ಮೇನ್ ಕಪ್ ಗೆಲ್ಲದಿದ್ದರೂ ಲೆಕ್ಕದ ಮೇಲೆ ಒಳಗೆ ಹೋಗುತ್ತಿತ್ತು. ಫೈನಲ್‌ನಲ್ಲಿ ಸೋತ ಕನೆಕ್ಟಿಕಟ್ ಕೂಡ ಹೋಯಿತು, ಅವರಿಗೆ ಅದೇ ಮೊದಲ ಸಲ. ಆದರೆ ನಾರ್ತ್‌ಈಸ್ಟರ್ನ್ ನೋಡಿ. ಅವರ ಮುಂದೆ ಇದ್ದದ್ದು ಒಂದೇ ದಾರಿ. ಗೆಲ್ಲುತ್ತಾ ಹೋಗಿ ಕಪ್ ಹಿಡಿದರೆ ಮಾತ್ರ ಮುಂದೆ, ಒಂದು ಸೋತರೆ ಸೀಸನ್ ಮುಗಿಯಿತು. ಅಂಥವರು ಬಾಸ್ಟನ್ ಕಾಲೇಜನ್ನು ಕೆಡವಿದರು, ನಿಮ್ಮ ಮೇನನ್ನು ಎರಡನೇ ಓವರ್‌ಟೈಮ್‌ವರೆಗೆ ಎಳೆದರು. ಈ ಟೂರ್ನಮೆಂಟ್ ಇರುವುದೇ ಅಂಥವರಿಗೋಸ್ಕರ ಅಂತ ನನಗೆ ಅನ್ನಿಸುತ್ತದೆ.

ಅದೇ ವರ್ಷದ ಇನ್ನೆರಡು ಉದಾಹರಣೆ ಕೊಡುತ್ತೇನೆ. ಬಾಸ್ಟನ್ ಹತ್ತಿರ ವಾಲ್ತಮ್‌ನಲ್ಲಿ ಬೆಂಟ್ಲಿ ಅಂತ ಚಿಕ್ಕ ಯೂನಿವರ್ಸಿಟಿ ಇದೆ. ಅವರು ಯಾವತ್ತೂ ರಾಷ್ಟ್ರಮಟ್ಟಕ್ಕೆ ಹೋಗಿರಲಿಲ್ಲ. ಅಟ್ಲಾಂಟಿಕ್ ಹಾಕಿ ಅಮೆರಿಕ ಎಂಬ ತಮ್ಮ ಕಾನ್ಫರೆನ್ಸ್‌ನ ಕಪ್ ಗೆದ್ದು ಮೊದಲ ಸಲ ಹೋದರು. ಮೊದಲ ಪಂದ್ಯದಲ್ಲಿ ಎದುರು ಬಂದದ್ದು ಯಾರು ಗೊತ್ತಾ, ಅದೇ ಒಂದನೇ ನಂಬರ್ ಬಾಸ್ಟನ್ ಕಾಲೇಜ್. 3-1ಕ್ಕೆ ಸೋತರು, ಆದರೆ ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಇನ್ನೊಂದು ಕಾರ್ನೆಲ್. ಅವರ ಕಾನ್ಫರೆನ್ಸ್ ಇಸಿಎಸಿ. ಫೈನಲ್ ನಡೆಯುವುದು ಲೇಕ್ ಪ್ಲಾಸಿಡ್ ಎಂಬ ಬೆಟ್ಟದ ಊರಲ್ಲಿ. 1980ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕಾಲೇಜು ಹುಡುಗರು ಸೋವಿಯತ್ ತಂಡವನ್ನು ಸೋಲಿಸಿದ್ದು ಅದೇ ಅಂಗಳದಲ್ಲಿ. ಕಾರ್ನೆಲ್ ಕೋಚ್‌ಗೆ ಅದು ಕೊನೆಯ ಸೀಸನ್. ಲೆಕ್ಕ ನೋಡಿದರೆ ಅವರಿಗೆ ಜಾಗ ಇರಲಿಲ್ಲ. ಕಪ್ ಗೆದ್ದರು, ಒಳಗೆ ಹೋದರು, ಮೊದಲ ಪಂದ್ಯದಲ್ಲೇ ಮಿಷಿಗನ್ ಸ್ಟೇಟ್‌ನಂಥ ದೊಡ್ಡ ತಂಡವನ್ನು 4-3ಕ್ಕೆ ಸೋಲಿಸಿದರು.

ಕಪ್ಪಿನ ಬೆಲೆ ಕೇಳಿದಿರಿ. ಆ ಕಪ್ಪಿಗೆ ಲಾಮೊರಿಯೆಲ್ಲೊ ಟ್ರೋಫಿ ಅಂತ ಹೆಸರು. 1984ರಲ್ಲಿ ಹಾಕಿ ಈಸ್ಟ್ ಕಟ್ಟಿದವರಲ್ಲಿ ಲೂ ಲಾಮೊರಿಯೆಲ್ಲೊ ಮುಖ್ಯರು. ಅಲ್ಲಿಯ ಕಾಲೇಜುಗಳೆಲ್ಲ ಒಂದಕ್ಕೊಂದು ಹತ್ತಿರ. ಬಾಸ್ಟನ್ ನಗರದ ಒಳಗೂ ಅಂಚಿಗೂ ಸೇರಿ ಮೂರು ತಂಡ ಇವೆ. ಒಂದೇ ಆಫೀಸಿನಲ್ಲಿ ಮೂರೂ ಕಾಲೇಜಿನಲ್ಲಿ ಓದಿದವರು ಪಕ್ಕಪಕ್ಕ ಕೂತಿರುತ್ತಾರೆ. ದೂರದ ಮಿನ್ನೆಸೋಟದ ತಂಡಕ್ಕೆ ಸೋತರೆ ಒಂದು ದಿನ ಬೇಜಾರು. ಪಕ್ಕದವನಿಗೆ ಸೋತರೆ ಇಡೀ ವರ್ಷ ಅವನ ಕೊಂಕು ಮಾತು ಕೇಳಬೇಕು. ನಿಮ್ಮ ಮಗಳ ಪಕ್ಕದ ಆ ಮುದುಕರು ಅತ್ತದ್ದು ಇಪ್ಪತ್ತೊಂದು ವರ್ಷ ಕೇಳಿಸಿಕೊಂಡಿದ್ದಕ್ಕೆ. ಒಂದು ವಾರ ಬಿಟ್ಟು ಪೆನ್ ಸ್ಟೇಟ್‌ಗೆ ಸೋತದ್ದು ಅದನ್ನು ಅಳಿಸುವುದಿಲ್ಲ ಕಾಕಾ.

ಕೊಪ್ಪಳ ಪಿಇ ಮಾಸ್ತರ್

ತೋರಣಗಲ್ಲಿನ ತಮ್ಮ ಚೆನ್ನಾಗಿ ಬರೆದಿದ್ದಾರೆ. ಆದರೂ ನಾನು ರಾಯಚೂರಿನ ಹಿರಿಯರ ಕಡೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಖೋಖೋ, ಕಬಡ್ಡಿ ಆಡಿಸುತ್ತಿದ್ದೇನೆ. ಹೋಬಳಿ, ತಾಲ್ಲೂಕು, ಜಿಲ್ಲೆ, ಕಲಬುರಗಿ ವಿಭಾಗ, ಎಲ್ಲ ಕಡೆ ನಾಕೌಟೇ. ಒಂದು ವರ್ಷ ನಮ್ಮ ಹುಡುಗಿಯರು ಜಿಲ್ಲೆಯಲ್ಲಿ ಯಾರಿಗೂ ಸೋತಿರಲಿಲ್ಲ. ವಿಭಾಗಮಟ್ಟದ ಪಂದ್ಯದ ಹಿಂದಿನ ರಾತ್ರಿ ಕೊಟ್ಟ ಊಟದಿಂದ ಮೂವರಿಗೆ ಹೊಟ್ಟೆ ಕೆಟ್ಟಿತು. ಬೆಳಗ್ಗೆ ಏಳಕ್ಕೆ ಪಂದ್ಯ. ಒಂದು ಪಾಯಿಂಟ್‌ನಿಂದ ಸೋತೆವು. ಅವರಲ್ಲಿ ಒಬ್ಬಳು ಟಾಟಾ ಏಸ್‌ನಲ್ಲಿ ವಾಪಸು ಬರುವಾಗ ಇಡೀ ದಾರಿ ಮಾತಾಡಲಿಲ್ಲ. ಮುಂದಿನ ವರ್ಷ ಅವಳ ಮದುವೆ ಆಯಿತು. ಇನ್ನೊಂದು ಅವಕಾಶ ಅವಳಿಗೆ ಸಿಗಲೇ ಇಲ್ಲ. ಒಂದು ದಿನದ ಆಟದಿಂದ ಒಂದು ತಂಡ ಎಂಥದ್ದು ಅಂತ ತೀರ್ಮಾನಿಸುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಬಾಸ್ಟನ್ ಕಾಲೇಜ್‌ಗೆ ಇನ್ನೊಂದು ಬಾಗಿಲು ಇತ್ತು, ಒಪ್ಪುತ್ತೇನೆ. ನಮ್ಮ ಮಕ್ಕಳಿಗೆ ಆ ಬಾಗಿಲು ಇಲ್ಲ. ಎಲ್ಲರಿಗೂ ಒಂದು ಸಲ ಎಡವುವ ಅವಕಾಶ ಇರಬೇಕು. ಐಸ್ ಹಾಕಿಯಲ್ಲಿ ಮೂರು ಪಂದ್ಯ ಆಡಿಸಿ ಎರಡು ಗೆದ್ದವರನ್ನು ಮುಂದೆ ಕಳಿಸುವ ಪದ್ಧತಿ ಇಲ್ವಾ?

ತೋರಣಗಲ್ಲು ಪಾಳಿ

ಇದೆ ಸರ್, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಅಲ್ಲಿದ್ದಾಗ ಹಾಕಿ ಈಸ್ಟ್‌ನಲ್ಲೂ ಸೆಮಿಫೈನಲ್‌ಗಿಂತ ಮುಂಚಿನ ಸುತ್ತುಗಳಲ್ಲಿ ಮೂರರಲ್ಲಿ ಎರಡು ಗೆಲ್ಲಬೇಕಿತ್ತು. ಈಗ ಒಂದೇ ಪಂದ್ಯ ಮಾಡಿದ್ದಾರೆ. ಇಸಿಎಸಿಯ ಕ್ವಾರ್ಟರ್ ಫೈನಲ್‌ನಲ್ಲಿ ಹಳೆಯ ಪದ್ಧತಿಯೇ ಉಳಿದಿದೆ. ಈಗಿನ ಹಾಕಿ ಈಸ್ಟ್‌ನಲ್ಲಿ ಪಟ್ಟಿಯ ಮೊದಲ ಐದು ತಂಡಗಳು ಮೊದಲ ಸುತ್ತು ಆಡಬೇಕಿಲ್ಲ, ಕೆಳಗಿನ ಆರು ಮಾತ್ರ ಆಡಬೇಕು. ಮೇಲಿದ್ದವರಿಗೆ ಸಿಗುವ ಅನುಕೂಲ ಅದು, ಜೊತೆಗೆ ತಮ್ಮ ಅಂಗಳದಲ್ಲಿ ಆಡುವ ಹಕ್ಕು.

ನಿಮ್ಮ ಮಾತಿಗೆ ಬಲ ಕೊಡುವ ಒಂದು ಪಂದ್ಯ ನನ್ನ ಕಾಲದಲ್ಲೇ ನಡೆಯಿತು. 2015ರ ಮಾರ್ಚ್ 6, ಹಾಕಿ ಈಸ್ಟ್ ಮೊದಲ ಸುತ್ತು, ಮ್ಯಾಸಚೂಸೆಟ್ಸ್ ಮತ್ತು ನೋಟರ್ ಡೇಮ್. ಟೂರ್ನಮೆಂಟ್‌ನಲ್ಲಿ ಸಮ ಆದರೆ ಇಪ್ಪತ್ತಿಪ್ಪತ್ತು ನಿಮಿಷದ ಓವರ್‌ಟೈಮ್ ಆಡುತ್ತಲೇ ಇರಬೇಕು, ಯಾರಾದರೂ ಗೋಲ್ ಹೊಡೆಯುವ ತನಕ. ಐದನೇ ಓವರ್‌ಟೈಮ್‌ವರೆಗೆ ಹೋಯಿತು. ಒಟ್ಟು 151 ನಿಮಿಷ 42 ಸೆಕೆಂಡ್ ಆಟ. ಕಾಲೇಜು ಹಾಕಿಯಲ್ಲಿ ಅಷ್ಟು ಉದ್ದದ ಪಂದ್ಯ ಅದಕ್ಕೂ ಮುಂಚೆ ಆಗಿರಲಿಲ್ಲ. ನಾನು ಹಾಸ್ಟೆಲ್‌ನ ಅಡುಗೆಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡುತ್ತಿದ್ದೆ. ಎರಡು ಸಲ ಅನ್ನ ಮಾಡಿಕೊಂಡು ಉಂಡೆ. ಕೊನೆಗೆ ಮ್ಯಾಸಚೂಸೆಟ್ಸ್ 4-3ಕ್ಕೆ ಗೆದ್ದಿತು. ಆದರೆ ಅದು ಮೂರರಲ್ಲಿ ಮೊದಲನೆಯದು. ನೋಟರ್ ಡೇಮ್ ಉಳಿದ ಎರಡೂ ಗೆದ್ದು ಮುಂದಿನ ಸುತ್ತಿಗೆ ಹೋಯಿತು. ಅಷ್ಟು ಉದ್ದ ಆಡಿ ಗೆದ್ದವರು ಮನೆಗೆ ಹೋದರು. ನಿಮಗೆ ಯಾವುದು ನ್ಯಾಯ ಅನ್ನಿಸುತ್ತದೆ ಸರ್? ನನಗೆ ಇವತ್ತಿಗೂ ಮ್ಯಾಸಚೂಸೆಟ್ಸ್ ಹುಡುಗರ ಬಗ್ಗೆ ಅಯ್ಯೋ ಅನ್ನಿಸುತ್ತದೆ.

ಕೊಪ್ಪಳ ಪಿಇ ಮಾಸ್ತರ್

ನೋಟರ್ ಡೇಮ್ ಹೋದದ್ದೇ ನ್ಯಾಯ. ಮೂರರಲ್ಲಿ ಎರಡು ಗೆದ್ದರು. ಆದರೆ ಅಷ್ಟು ಹೊತ್ತು ಆಡಿದ ಮಕ್ಕಳನ್ನು ಮರುದಿನ ಮತ್ತೆ ಇಳಿಸಬಾರದಿತ್ತು. ನಾನಾಗಿದ್ದರೆ ಒಂದು ದಿನ ಬಿಡುವು ಕೊಡುತ್ತಿದ್ದೆ.

ಕೌಲ್ ಬಜಾರ್ ರೆಫ್ರಿಜರೇಶನ್

ಅಣ್ಣಾರೆ, ಐಸ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ಬಳ್ಳಾರಿ ಕೌಲ್ ಬಜಾರಿನಲ್ಲಿ ನನ್ನದು ಫ್ರಿಜ್, ಎಸಿ ರಿಪೇರಿ ಅಂಗಡಿ. ಅದಕ್ಕೂ ಮುಂಚೆ ಆರು ವರ್ಷ ಗಲ್ಫ್‌ನಲ್ಲಿ ಒಂದು ಮಾಲಿನ ಐಸ್ ರಿಂಕ್, ಅಂದರೆ ಐಸ್ ಅಂಗಳದ ಪ್ಲಾಂಟಿನಲ್ಲಿ ಕೆಲಸ ಮಾಡಿದ್ದೇನೆ. ಹೊರಗೆ 46 ಡಿಗ್ರಿ ಇರುತ್ತಿತ್ತು, ಒಳಗೆ ಮಕ್ಕಳು ಸ್ಕೇಟಿಂಗ್ ಮಾಡುತ್ತಿದ್ದರು.

ನಿಮ್ಮ ಫ್ಯಾಕ್ಟರಿಯನ್ನೇ ಅಗಲಕ್ಕೆ ಹಾಸಿದರೆ ಅದು ರಿಂಕ್. ನಿಮ್ಮಲ್ಲಿ ಕಂಪ್ರೆಸರ್ ಇದೆ, ಅಮೋನಿಯಾ ಇದೆ, ತಣ್ಣನೆಯ ಉಪ್ಪುನೀರಿನ ಟ್ಯಾಂಕ್ ಇದೆ, ಅದರಲ್ಲಿ ಕ್ಯಾನ್ ಇಳಿಸುತ್ತೀರಿ. ಅಲ್ಲಿ ಕಾಂಕ್ರೀಟ್ ನೆಲದ ಒಳಗೆ ಪೈಪುಗಳ ಸಾಲು. ಆ ಪೈಪಿನಲ್ಲಿ ತಣ್ಣನೆಯ ಉಪ್ಪುನೀರು ಅಥವಾ ಗ್ಲೈಕಾಲ್ ಎಂಬ ಹೆಪ್ಪುಗಟ್ಟದ ದ್ರವ ಓಡುತ್ತಲೇ ಇರುತ್ತದೆ. ಮೇಲೆ ನೀರು ಚಿಮುಕಿಸಿ ಚಿಮುಕಿಸಿ ತೆಳ್ಳಗೆ ಪದರ ಪದರವಾಗಿ ಕಟ್ಟುತ್ತಾರೆ. ಮಧ್ಯದಲ್ಲಿ ಬಿಳಿ ಬಣ್ಣ, ಕೆಂಪು ನೀಲಿ ಗೆರೆ ಹಾಕಿ ಅದರ ಮೇಲೆ ಮತ್ತೆ ನೀರು. ಒಟ್ಟು ದಪ್ಪ ಒಂದು ಇಂಚು, ಜಾಸ್ತಿ ಅಂದರೆ ಒಂದೂಕಾಲು. ದಪ್ಪ ಆದಷ್ಟೂ ಕೆಳಗಿನ ತಂಪು ಮೇಲೆ ಬರುವುದು ಕಷ್ಟ. ಗಡ್ಡೆ ದಪ್ಪ ಇದ್ದಷ್ಟೂ ನಿಮಗೆ ಒಳ್ಳೆಯದು, ಅವರಿಗೆ ತೆಳ್ಳಗಿದ್ದಷ್ಟೂ ಒಳ್ಳೆಯದು. ನಿಮ್ಮ ಗಡ್ಡೆ ಟ್ಯಾಂಕ್ ಬಿಟ್ಟ ಮೇಲೆ ಒಂಟಿ. ಅವರ ಐಸ್‌ಗೆ ಕೆಳಗಿನಿಂದ ಯಾವಾಗಲೂ ತಂಪು ಬರುತ್ತಿರುತ್ತದೆ. ಜನರ ಬಿಸಿಗಿಂತ ದೊಡ್ಡ ಶತ್ರು ಗಾಳಿಯ ಹಸಿ. ಅದನ್ನು ಹೀರಲು ಬೇರೆ ಮಷಿನ್ ಇಟ್ಟಿರುತ್ತಾರೆ, ಇಲ್ಲದಿದ್ದರೆ ಐಸ್ ಮೇಲೆ ಮಂಜು ಕವಿಯುತ್ತದೆ. ನಿಮ್ಮ ಮಗಳು ನೋಡಿದ ಟಿಡಿ ಗಾರ್ಡನ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಕೂಡ ಆಡುತ್ತಾರೆ. ಆಗ ಐಸ್ ತೆಗೆಯುವುದಿಲ್ಲ, ಅದರ ಮೇಲೆ ಹಲಗೆ ಮುಚ್ಚಿ ಮರದ ನೆಲ ಜೋಡಿಸುತ್ತಾರೆ.

ಈಗ ನಿಮಗೆ ಹೇಳಲೇಬೇಕಾದ ಮಾತು. ಪಾಳಿ ಮುಗಿದಾಗ ಒಂದು ದೊಡ್ಡ ಗಾಡಿ ಬಂದು ಐಸ್ ಒರೆಸಿಕೊಂಡು ಹೋಗುತ್ತದೆ, ಮಗಳು ತೋರಿಸಿರಬೇಕು. ಅದಕ್ಕೆ ಝಾಂಬೋನಿ ಅನ್ನುತ್ತಾರೆ. ಅದು ಕಂಡುಹಿಡಿದ ಮನುಷ್ಯನ ಹೆಸರು. ಫ್ರ್ಯಾಂಕ್ ಝಾಂಬೋನಿ ಮತ್ತು ಅವರ ತಮ್ಮ ಕ್ಯಾಲಿಫೋರ್ನಿಯಾದಲ್ಲಿ ಏನು ಮಾಡುತ್ತಿದ್ದರು ಗೊತ್ತಾ? ನಿಮ್ಮದೇ ಕಸುಬು. ಐಸ್ ಗಡ್ಡೆ ಫ್ಯಾಕ್ಟರಿ. ಮನೆಮನೆಗೆ ಫ್ರಿಜ್ ಬಂದು ಗಡ್ಡೆ ಕೇಳುವವರು ಕಡಿಮೆಯಾದರು. ಗೊತ್ತಿದ್ದ ವಿದ್ಯೆ ಬಿಡಲಿಲ್ಲ. 1940ರಲ್ಲಿ ಅದೇ ತಂಪಿನ ಯಂತ್ರದ ಅನುಭವದಿಂದ ಸ್ಕೇಟಿಂಗ್ ರಿಂಕ್ ತೆರೆದರು. ಆಗ ಐಸ್ ಕೆರೆದು, ತೊಳೆದು, ನೀರು ಹಾಕಿ ಸಮ ಮಾಡಲು ಮೂರ್ನಾಲ್ಕು ಆಳು ಒಂದು ತಾಸಿಗೂ ಜಾಸ್ತಿ ದುಡಿಯಬೇಕಿತ್ತು. ಅದಕ್ಕೇ ಫ್ರ್ಯಾಂಕ್ ವರ್ಷಗಟ್ಟಲೆ ಹೆಣಗಿ 1949ರಲ್ಲಿ ಆ ಗಾಡಿ ಮಾಡಿದರು. ಇವತ್ತು ಆ ಕೆಲಸ ಹತ್ತು ನಿಮಿಷದ್ದು.

ಅದು ಹಾಕುವುದು ಬಿಸಿನೀರು, 60 ಡಿಗ್ರಿಯ ಆಸುಪಾಸು. ಮೊದಲ ದಿನ ನೋಡಿ ನನಗೆ ಆಶ್ಚರ್ಯ ಆಗಿತ್ತು. ಬಿಸಿನೀರಿನಲ್ಲಿ ಗಾಳಿ ಕಡಿಮೆ, ಅದಕ್ಕೇ ಐಸ್ ಗಟ್ಟಿ ಬರುತ್ತದೆ. ಕೆಳಗಿನ ಪದರವನ್ನು ತುಸು ಕರಗಿಸಿ ಅದರ ಜೊತೆ ಬೆಸೆದುಕೊಳ್ಳುತ್ತದೆ.

ಲಿಂಗಸುಗೂರು ಮಾಜಿ ಸೈನಿಕ

ನಾನು ಲೇಹ್‌ನಲ್ಲಿ ಎರಡು ಚಳಿಗಾಲ ಇದ್ದೆ. ಅಲ್ಲಿ ಕಾರ್ಜೂ ಅಂತ ಕೊಳ ಇದೆ, ಹೆಪ್ಪುಗಟ್ಟಿದ ಮೇಲೆ ಅದೇ ಮೈದಾನ. ಪೈಪೂ ಇಲ್ಲ, ಕಂಪ್ರೆಸರ್ ಕೂಡ ಇಲ್ಲ. ಹುಡುಗರು ರಾತ್ರಿ ಬಕೆಟ್‌ನಲ್ಲಿ ನೀರು ಹೊತ್ತು ತಂದು ಬಿರುಕಿಗೆ ಸುರಿಯುತ್ತಿದ್ದರು, ಬೆಳಗ್ಗೆ ಕಲ್ಲಿನಂತೆ ಆಗಿರುತ್ತಿತ್ತು. ಎರಡು ತಿಂಗಳ ಆಟ ಅಷ್ಟೇ, ಆಮೇಲೆ ಕರಗುತ್ತದೆ. ಅಷ್ಟರಲ್ಲೇ ಕಲಿತ ಲಡಾಖಿನ ಹೆಣ್ಣುಮಕ್ಕಳು ಭಾರತ ತಂಡದಲ್ಲಿ ಆಡಿ 2025ರ ಏಷ್ಯಾ ಕಪ್‌ನಲ್ಲಿ ಕಂಚು ತಂದರು. ಯುಎಇಯ ಅಲ್ ಐನ್‌ನಲ್ಲಿ ನಡೆಯಿತು. ಪೇಪರಿನಲ್ಲಿ ಚಿಕ್ಕದಾಗಿ ಬಂದಿತ್ತು. ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ.

ರಾಯಚೂರು ಐಸ್

ಎಲ್ಲರಿಗೂ ದೊಡ್ಡ ನಮಸ್ಕಾರ. ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ, ಕಾರಣ ಹೇಳುತ್ತೇನೆ.

ತೋರಣಗಲ್ಲಿನ ತಮ್ಮಾ, ನೀನು ಹೇಳಿದ್ದು ಅರ್ಥ ಆಯಿತು. ಬಾಸ್ಟನ್ ಕಾಲೇಜಿನ ಬಗ್ಗೆ ಇದ್ದ ಬೇಜಾರು ಈಗ ಇಲ್ಲ. ಬೆಂಟ್ಲಿ ವಿಷಯ ಮನೆಯಲ್ಲಿ ಓದಿ ಹೇಳಿದೆ. ನಾರ್ತ್‌ಈಸ್ಟರ್ನ್ ಹುಡುಗರ ಮೇಲೆ ನಮಗೆ ಸಿಟ್ಟಿತ್ತು, ಈಗ ಅವರ ಬಗ್ಗೆ ಮನಸ್ಸು ಮೆತ್ತಗಾಗಿದೆ. ಮಾಸ್ತರೇ, ನಿಮ್ಮ ಆ ಹುಡುಗಿಯ ವಿಷಯ ಓದಿ ನಮ್ಮ ಮನೆಯವರು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಅವಳು ಈಗ ಎಲ್ಲಿದ್ದಾಳೆ, ಚೆನ್ನಾಗಿದ್ದಾಳಾ ಅಂತ ಕೇಳು ಅಂದರು. ಆಗುವುದಾದರೆ ತಿಳಿಸಿ.

ಕೌಲ್ ಬಜಾರಿನ ತಮ್ಮಾ, ನಿನ್ನ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಗಡ್ಡೆ ಮಾಡುವವನೇ ಆ ಗಾಡಿ ಮಾಡಿದ ಅನ್ನುವುದು ನನಗೆ ಗೊತ್ತಿರಲಿಲ್ಲ. ಎದ್ದು ಲೆಕ್ಕ ಹಾಕಿದೆ. ರಿಂಕ್ 200 ಅಡಿ ಉದ್ದ, 85 ಅಡಿ ಅಗಲ ಅಂತ ಮಗಳು ಹೇಳಿದ್ದಳು. ಒಂದು ಇಂಚು ದಪ್ಪ ಹಿಡಿದು, ಮೂಲೆಗಳು ದುಂಡಗಿರುವುದಕ್ಕೆ ಸ್ವಲ್ಪ ಕಳೆದರೆ 35 ಟನ್ ಐಸ್ ಬರುತ್ತದೆ. ನನ್ನ 50 ಕಿಲೋ ಗಡ್ಡೆಯಲ್ಲಿ ಏಳುನೂರು. ಬೇಸಿಗೆಯಲ್ಲಿ ಅಷ್ಟನ್ನು ನಾವು ನಾಲ್ಕು ದಿನದಲ್ಲಿ ತೆಗೆಯುತ್ತೇವೆ.

ಬಿಸಿನೀರಿನ ನಿನ್ನ ಮಾತು ನೋಡೋಣ ಅಂತ ಮರುದಿನ ಎರಡು ಕ್ಯಾನ್ ಬೇರೆ ಇಟ್ಟೆವು. ಗಡ್ಡೆ ತಿಳಿಯಾಗಲಿ ಅಂತ ನಾವು ಯಾವಾಗಲೂ ಗಾಳಿ ಪೈಪ್ ಬಿಡುತ್ತೇವೆ, ಈ ಎರಡಕ್ಕೆ ಬಿಡಲಿಲ್ಲ. ಒಂದಕ್ಕೆ ನಲ್ಲಿ ನೀರು. ಇನ್ನೊಂದಕ್ಕೆ ಚಾಚಾ ದೊಡ್ಡ ಹಂಡೆಯಲ್ಲಿ ನೀರು ಕುದಿಸಿ ಆರಿಸಿ ತುಂಬಿದರು. ಹದಿನೆಂಟು ತಾಸು ಬಿಟ್ಟು ಎತ್ತಿದೆವು. ನಲ್ಲಿ ನೀರಿನದು ಹಾಲಿನಂತೆ ಬೆಳ್ಳಗಿತ್ತು. ಕುದಿಸಿದ್ದು ಅಂಚಿನಲ್ಲೆಲ್ಲ ಗಾಜಿನಂತೆ ತಿಳಿ, ನಡುವೆ ಮಾತ್ರ ಒಂದು ಬಿಳಿ ಎಳೆ ಉಳಿದಿತ್ತು. ನಮ್ಮ ನೀರು ಗಡಸು, ಅದು ಹೋಗುವುದಿಲ್ಲ. ಚಾಚಾ ಅದರ ಹಿಂದೆ ಪೇಪರ್ ಹಿಡಿದು ಓದಿ ತೋರಿಸಿದರು. ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಅಲ್ಲಿ ನಡುರಾತ್ರಿ ಇರಬೇಕು, ಆದರೂ ತಕ್ಷಣ ಫೋನ್ ಬಂತು.